ಉಬ್ಬು ಬೇರೆ, ದೂರ ಬೇರೆ

ಚಿತ್ರಕಲೆಯ ಚರಿತ್ರೆಯ ವಿಷಯದಲ್ಲಿ ನಾನು ಮತ್ತೆ ಮತ್ತೆ ಕೇಳುತ್ತ ಬಂದಿರುವ ಮಾತುಗಳು ಎರಡು. ಮೊದಲನೆಯದು, ನಾನು ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸತೊಡಗಿದ ಕಾಲದಲ್ಲಿ ಬಳಕೆಯಲ್ಲಿದ್ದ ಒಂದು ಸಹಾಯಕ ಪುಸ್ತಕದ ಮಾತು. ಪ್ರಾಚೀನ ಭಾರತದ ಚಿತ್ರಕಾರರಿಗೆ ಚಪ್ಪಟೆ ಗೋಡೆಯ ಮೇಲೆ ಆಳವನ್ನು ಕಾಣಿಸುವ ವಿದ್ಯೆ ತಿಳಿದಿರಲಿಲ್ಲ, ಅದು ಯುರೋಪಿಯನ್ನರ ಜೊತೆ ಇಲ್ಲಿಗೆ ಬಂದಿತು ಎಂದು ಅದರಲ್ಲಿ ಎರಡೇ ಸಾಲುಗಳಲ್ಲಿ ತೀರ್ಪು ಕೊಟ್ಟಿದ್ದರು. ಎರಡನೆಯದು, ಮದುವೆ ಮುಂಜಿಗಳ ಪಂಕ್ತಿಯಲ್ಲಿ, ಪಾಯಸ ಬರುವ ಹೊತ್ತಿಗೆ, ನಮ್ಮ ಬಂಧುಗಳಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುವ ಮಾತು: "ಅದೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತಪ್ಪ, ಅವರು ಇಲ್ಲಿಂದ ಹೊತ್ತುಕೊಂಡು ಹೋದರು."

ಈ ಪುಟವನ್ನು ಓದುವವರಲ್ಲಿ ಎರಡೂ ಪಕ್ಷದವರು ಇದ್ದೀರಿ. ಇಬ್ಬರಿಗೂ ನನ್ನ ಉತ್ತರ ಒಂದೇ. ಚಿತ್ರದಲ್ಲಿ 'ಆಳ' ಎಂದು ನಾವು ಒಟ್ಟಾಗಿ ಕರೆಯುವ ವಸ್ತುವಿನೊಳಗೆ ಎರಡು ಬೇರೆ ಬೇರೆ ವಿದ್ಯೆಗಳಿವೆ. ಒಂದು, ಒಂದು ದೇಹವನ್ನೋ ಹಣ್ಣನ್ನೋ ಗುಂಡಗೆ, ಕೈಗೆ ಸಿಕ್ಕುವಂತೆ ಕಾಣಿಸುವುದು; ಇದನ್ನು ಉಬ್ಬು ಎನ್ನೋಣ. ಇನ್ನೊಂದು, ಆ ದೇಹ ಎಷ್ಟು ಹಿಂದೆ ನಿಂತಿದೆ, ಅದರ ಹಿಂದಿನ ಗೋಡೆ ಎಷ್ಟು ದೂರದಲ್ಲಿದೆ ಎಂಬುದನ್ನು ಕಾಣಿಸುವುದು. ಇದನ್ನು ದೂರ ಎನ್ನೋಣ. ಈ ಎರಡಕ್ಕೂ ಹುಟ್ಟಿದ ಊರು ಬೇರೆ, ಕಾಲ ಬೇರೆ, ಹಿಂದಿನ ಯೋಚನೆಯೂ ಬೇರೆ.

ಮೈಸೂರಿಗೆ ನಮ್ಮ ಜೊತೆ ಶಾಲಾ ಪ್ರವಾಸ ಬಂದವರು ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡಿಯೇ ಇರುತ್ತೀರಿ. ಅದು ರವಿವರ್ಮನದೆಂದು ಬಹಳ ಮಂದಿ ತಿಳಿದಿದ್ದಾರೆ; ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಂಕರ್, ಅದೂ ಎಣ್ಣೆಬಣ್ಣದಲ್ಲಲ್ಲ, ಜಲವರ್ಣದಲ್ಲಿ. ದೀಪಕ್ಕೆ ಅಡ್ಡ ಹಿಡಿದ ಅಂಗೈಯ ಬೆರಳುಗಳ ಸಂದಿನಲ್ಲಿ ಕೆಂಪು ಹೊಳೆಯುತ್ತದೆ, ಕೆನ್ನೆ ಗುಂಡಗಾಗುತ್ತದೆ, ಸೀರೆಯ ಮಡಿಕೆಗಳು ಎದ್ದು ನಿಲ್ಲುತ್ತವೆ. ಆಕೆಯ ಹಿಂದೆ ಏನಿದೆ? ಏನೂ ಇಲ್ಲ, ಬರಿಯ ಕತ್ತಲು. ಗೋಡೆ ಒಂದು ಗೇಣು ಹಿಂದಿದೆಯೋ ನೂರು ಅಡಿ ಹಿಂದಿದೆಯೋ ಹೇಳಲು ಬಾರದು. ಉಬ್ಬು ತುಂಬಿ ತುಳುಕುವ ಈ ಚಿತ್ರದಲ್ಲಿ ದೂರವೆಂಬುದು ಇಲ್ಲವೇ ಇಲ್ಲ. ಇದಕ್ಕೆ ಎದುರಾಗಿ ಒಂದು ಹಾಳೆಯ ಮೇಲೆ ಎರಡು ಗೆರೆಗಳನ್ನು ಮೇಲ್ಗಡೆ ಕೂಡುವಂತೆ ಎಳೆದು ನಡುವೆ ಅಡ್ಡಪಟ್ಟಿಗಳನ್ನು ಹಾಕಿ. ಒಂದನೆಯ ತರಗತಿಯ ಮಗುವೂ ಅದನ್ನು ರೈಲುಹಳಿ ಎನ್ನುತ್ತದೆ. ಅಲ್ಲಿ ದೂರವಿದೆ, ಉಬ್ಬಿಲ್ಲ.

ಉಬ್ಬಿನ ವಿದ್ಯೆ ನಮ್ಮಲ್ಲಿ ಎಷ್ಟು ಸ್ಪಷ್ಟವಾಗಿತ್ತೆಂಬುದಕ್ಕೆ ಸಾಕ್ಷಿ ಹೇಳುವವನು ನಮ್ಮ ನಾಡಿನ ಒಬ್ಬ ದೊರೆಯೇ. ಕಲ್ಯಾಣದ ಚಾಳುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ, ಭೂಲೋಕಮಲ್ಲನೆಂಬ ಬಿರುದಿನವನು, 1126ರಿಂದ 1138ರವರೆಗೆ ಆಳಿದನು. ತಂದೆಯಷ್ಟು ಯುದ್ಧಗಳನ್ನು ಗೆದ್ದವನಲ್ಲ. ಆದರೆ 1130ರ ಆಸುಪಾಸಿನಲ್ಲಿ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ' ಎಂಬ ಸಂಸ್ಕೃತ ಗ್ರಂಥವನ್ನು ಬಿಟ್ಟುಹೋದನು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯ. ಆನೆ ಪಳಗಿಸುವುದು, ರತ್ನಪರೀಕ್ಷೆ, ಮೀನು ಹಿಡಿಯುವುದು, ಸಂಗೀತ, ಅಡುಗೆ, ಹೀಗೆ ಅರಸನೊಬ್ಬನಿಗೆ ಬೇಕಾದುದೆಲ್ಲ ಅದರಲ್ಲಿದೆ. ನಮ್ಮ ಇಡ್ಡಲಿಯ ಪೂರ್ವಜನಾದ 'ಇಡ್ಡರಿಕಾ' ಅಲ್ಲಿ ಬರುತ್ತದೆಂಬುದನ್ನು ಪತ್ರಿಕೆಯವರು ವರ್ಷಕ್ಕೊಮ್ಮೆ ನೆನಪಿಸುತ್ತಾರೆ. ಅದೇ ಗ್ರಂಥದ ಚಿತ್ರಪ್ರಕರಣವನ್ನು ನೆನಪಿಸುವವರು ಕಡಿಮೆ. 1926ರಲ್ಲಿ ಇದರ ಮೊದಲ ಭಾಗವನ್ನು ಸಂಪಾದಿಸಿ ಮೈಸೂರಿನಿಂದ ಪ್ರಕಟಿಸಿದವರು, ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಅದೇ ಆರ್. ಶಾಮಶಾಸ್ತ್ರಿಗಳು.

ಚಿತ್ರಪ್ರಕರಣದಲ್ಲಿ ಗೋಡೆಯನ್ನು ನುಣುಪು ಮಾಡುವ ಬಗೆ, ತೊಗಲನ್ನು ಕುದಿಸಿ ಮಾಡುವ ವಜ್ರಲೇಪವೆಂಬ ಅಂಟು, ಕುಂಚಗಳು, ಬಣ್ಣಗಳು ಎಲ್ಲವೂ ಬರುತ್ತವೆ. ಅವುಗಳ ನಡುವೆ ಸೋಮೇಶ್ವರನು ಒಂದು ನಿಯಮವನ್ನು ಹೇಳುತ್ತಾನೆ. ರೇಖೆಯನ್ನು ಬರೆದಾದ ಮೇಲೆ ಆಯಾ ರೂಪಕ್ಕೆ ತಕ್ಕ ಬಣ್ಣ ತುಂಬಬೇಕು. ಎತ್ತರದ ಜಾಗದಲ್ಲಿ ಬಣ್ಣ ಉಜ್ವಲವಾಗಿರಬೇಕು, ತಗ್ಗಿನ ಜಾಗದಲ್ಲಿ ಶ್ಯಾಮಲವಾಗಿರಬೇಕು. ಒಂದೇ ಬಣ್ಣವನ್ನು ಬಳಸುವಾಗಲೂ ಅದರ ತಾರತಮ್ಯದಿಂದಲೇ ಇದನ್ನು ಸಾಧಿಸಬೇಕು ಎಂಬುದು ಅದರ ಅಭಿಪ್ರಾಯ. ಮೂಗಿನ ದಿಣ್ಣೆ ಬೆಳಗಬೇಕು, ಕಣ್ಣಿನ ಕುಳಿ ಮಂಕಾಗಬೇಕು. ಇಂದಿನ ಡ್ರಾಯಿಂಗ್ ಮೇಷ್ಟ್ರು ಪೆನ್ಸಿಲ್ ಹಿಡಿದ ಹುಡುಗನಿಗೆ ಮೊದಲ ವಾರದಲ್ಲಿ ಹೇಳಿಕೊಡುವ ಪಾಠವೂ ಇದೇ.

ಸೋಮೇಶ್ವರನು ಇದನ್ನು ಹೊಸದಾಗಿ ಕಂಡುಹಿಡಿದವನಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಆತನಿಗಿಂತ ಬಹಳ ಹಳೆಯದು. ಅದು ನೆರಳು ತುಂಬುವ ಕ್ರಮಕ್ಕೆ 'ವರ್ತನಾ' ಎಂದು ಹೆಸರು ಕೊಟ್ಟು ಮೂರು ಬಗೆಗಳನ್ನು ಹೇಳುತ್ತದೆ: ಎಲೆಯ ನರಗಳಂತೆ ಹಾಯುವ ಗೆರೆಗಳಿಂದ ಮಾಡುವುದು, ತೀರ ನವಿರಾದ ಗೆರೆಗಳನ್ನು ಒತ್ತಾಗಿ ಎಳೆದು ಮಾಡುವುದು, ಚುಕ್ಕೆಗಳನ್ನಿಟ್ಟು ಮಾಡುವುದು. ದೇಹ ಓರೆಯಾಗಿ ತಿರುಗಿದಾಗ ಯಾವ ಅಂಗ ಎಷ್ಟು ಕುಗ್ಗಬೇಕು, ಯಾವುದು ಹಿಗ್ಗಬೇಕು ಎಂಬುದಕ್ಕೆ 'ಕ್ಷಯವೃದ್ಧಿ' ಎಂಬ ಪದವೂ ಅಲ್ಲಿದೆ. ನಿಲ್ಲುವ ಭಂಗಿಗಳು ಒಂಬತ್ತು. ತಗ್ಗು ಉಬ್ಬುಗಳನ್ನು, ಅಂದರೆ ನಿಮ್ನೋನ್ನತವನ್ನು ತೋರಿಸಬಲ್ಲವನೇ ಚಿತ್ರವಿದನೆಂದೂ ಅದು ಹೇಳುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಆಶ್ಚರ್ಯ ತಂದದ್ದು ಚಿತ್ರಕಾರನಲ್ಲದ ಒಬ್ಬನ ಮಾತು. ಬೌದ್ಧ ದಾರ್ಶನಿಕನಾದ ಅಸಂಗನ ಹೆಸರಿನಲ್ಲಿ ಬಂದಿರುವ 'ಮಹಾಯಾನಸೂತ್ರಾಲಂಕಾರ'ದಲ್ಲಿ ಚಿತ್ರವು ಒಂದು ಉಪಮೆಯಾಗಿ ಬರುತ್ತದೆ. ವಿಧಿಪ್ರಕಾರ ಬರೆದ ಚಿತ್ರದಲ್ಲಿ ತಗ್ಗೂ ಇಲ್ಲ, ದಿಣ್ಣೆಯೂ ಇಲ್ಲ, ಆದರೂ ಅವು ಕಾಣುತ್ತವೆ. ಹಾಗೆಯೇ ಇಲ್ಲದಿರುವ ದ್ವೈತವು ಮನಸ್ಸಿಗೆ ಕಾಣುತ್ತದೆ ಎಂದು ಅವನು ವಾದಿಸುತ್ತಾನೆ. ವೇದಾಂತಿಗೆ ಹಗ್ಗದಲ್ಲಿ ಹಾವು ಇದ್ದಂತೆ ಅವನಿಗೆ ಗೋಡೆಯ ಮೇಲೆ ಮೂಗು. ಉಪಮೆಯೆಂಬುದು ಕೇಳುವವರಿಗೆ ಮೊದಲೇ ಪರಿಚಯವಿರುವ ವಸ್ತುವಿನಿಂದ ಹುಟ್ಟಬೇಕು. ಚಪ್ಪಟೆ ಗೋಡೆಯ ಮೇಲೆ ಉಬ್ಬು ಕಾಣುವುದು ಅಂದಿನ ಓದುಗನಿಗೆ ಅಷ್ಟು ಸಾಮಾನ್ಯವಾದ ಅನುಭವವಾಗಿದ್ದಿರಬೇಕು.

ಆ ಅನುಭವವನ್ನು ಇಂದಿಗೂ ಪಡೆಯಬಹುದಾದ ಸ್ಥಳ ಅಜಂತಾ. ಐದನೆಯ ಶತಮಾನದ ಉತ್ತರಾರ್ಧದಲ್ಲಿ, ವಾಕಾಟಕ ಹರಿಷೇಣನ ಕಾಲದಲ್ಲಿ ಬರೆದ ಒಂದನೆಯ ಗುಹೆಯ ಪದ್ಮಪಾಣಿಯ ಮುಖವನ್ನು ನೋಡಿ. ಮೂಗಿನ ಮೇಲೆ, ತುಟಿಯ ಮೇಲೆ, ಗಲ್ಲದ ಮೇಲೆ ಇಟ್ಟಿರುವ ತಿಳಿಬಣ್ಣದ ಸ್ಪರ್ಶದಿಂದ ಮುಖವು ಕತ್ತಲಿನಿಂದ ಮುಂದಕ್ಕೆ ಬರುತ್ತದೆ. ಆದರೆ ಒಂದು ವಿಷಯವನ್ನು ಗಮನಿಸಬೇಕು. ಆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದರೆ ಉತ್ತರ ಸಿಗುವುದಿಲ್ಲ. ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ. ಉಬ್ಬಿದ್ದೆಲ್ಲ ಬೆಳಗುತ್ತದೆ, ಅಷ್ಟೆ. ನೆಲದ ಮೇಲೆ ಯಾರ ನೆರಳೂ ಬಿದ್ದಿರುವುದಿಲ್ಲ. ಆರುನೂರು ವರ್ಷಗಳ ನಂತರ ಸೋಮೇಶ್ವರನು ಬರೆದ ನಿಯಮದಲ್ಲಿಯೂ ಸೂರ್ಯನಿಗಾಗಲಿ ಕಿಟಕಿಗಾಗಲಿ ಸ್ಥಳವಿಲ್ಲ. ಎತ್ತರ ತಗ್ಗುಗಳೇ ಬೆಳಕು ಕತ್ತಲೆಗಳನ್ನು ನಿರ್ಧರಿಸುತ್ತವೆ.

ಅಜಂತಾದಲ್ಲಿ ದೂರ ಹೇಗಿದೆ? ಅರಮನೆಯ ಒಂದು ಮಂಟಪವನ್ನು ಒಂದು ಕೋನದಿಂದ, ಪಕ್ಕದ ಮಂಟಪವನ್ನು ಇನ್ನೊಂದು ಕೋನದಿಂದ ನೋಡಿದಂತೆ ಬರೆದಿದ್ದಾರೆ. ಬೋಧಿಸತ್ತ್ವನು ಸುತ್ತಲಿನವರಿಗಿಂತ ಬಹಳ ದೊಡ್ಡವನು. ಅದು ಅವನು ಹತ್ತಿರದಲ್ಲಿದ್ದಾನೆಂದಲ್ಲ, ಅವನು ಬೋಧಿಸತ್ತ್ವನೆಂದು. ಒಂದು ಕಥೆಯ ಹಲವು ಘಟನೆಗಳು ಗೋಡೆಯುದ್ದಕ್ಕೂ ಗಡಿಯಿಲ್ಲದೆ ಹರಿಯುತ್ತವೆ. ನೋಡುವ ಭಿಕ್ಷುವಾಗಲಿ ಯಾತ್ರಿಕನಾಗಲಿ ಆ ಮಬ್ಬುಗತ್ತಲಲ್ಲಿ ಒಂದೇ ಕಡೆ ನಿಲ್ಲುವವನಲ್ಲ. ಗೋಡೆಯನ್ನು ಅನುಸರಿಸಿ ನಡೆಯುತ್ತ, ದೀಪದ ಬೆಳಕು ಬಿದ್ದಷ್ಟನ್ನು ನೋಡುತ್ತ ಹೋಗುವವನು. ಹಾಗೆ ನಡೆಯುವವನಿಗೆ ಬರೆದ ಚಿತ್ರದಲ್ಲಿ ಒಂದೇ ಬಿಂದುವಿನಿಂದ ಅಳೆದ ದೂರವು ತೊಡಕೇ ಆಗುತ್ತಿತ್ತು.

ಇಲ್ಲಿಯೇ ಒಂದು ಎಚ್ಚರವನ್ನು ಹೇಳಿಬಿಡುತ್ತೇನೆ. ಶಾಸ್ತ್ರದಲ್ಲಿದ್ದುದೆಲ್ಲ ಕೈಗೆ ಇಳಿಯುತ್ತಿತ್ತೆಂದು ತಿಳಿಯಬಾರದು. ಸೋಮೇಶ್ವರನ ಕಾಲಕ್ಕೆ ಸಮೀಪವೇ ಆದ, ಹನ್ನೆರಡನೆಯ ಶತಮಾನದ ಆರಂಭದ ಮೂಡುಬಿದಿರೆಯ ಧವಲಾ ತಾಳೆಗರಿಗಳಲ್ಲಿ ಚಿತ್ರಗಳಿವೆ. ಅವುಗಳಲ್ಲಿ ರೇಖೆಯದೇ ರಾಜ್ಯ. ನಾಲ್ಕು ಶತಮಾನಗಳ ಬಳಿಕ, ವಿಜಯನಗರದ ಅಚ್ಯುತರಾಯನ ಕಾಲದ ಲೇಪಾಕ್ಷಿಯ ಚಾವಣಿಗೆ ಬಂದರೆ, ಬಣ್ಣ ಸಪಾಟು, ಮುಖಗಳು ಹೆಚ್ಚಾಗಿ ಪಕ್ಕನೋಟದವು, ಸೊಗಸೆಲ್ಲ ಗೆರೆಯಲ್ಲಿ ಮತ್ತು ಸೀರೆಯ ಅಂಚಿನಲ್ಲಿ. ಪುಸ್ತಕದಲ್ಲಿ ಉಬ್ಬಿನ ನಿಯಮ ಉಳಿದೇ ಇತ್ತು, ಕುಂಚವು ಅದನ್ನು ಕೈಬಿಟ್ಟಿತ್ತು. ಇದನ್ನು ಅವನತಿಯೆಂದು ಬರೆದವರಿದ್ದಾರೆ. ಲೇಪಾಕ್ಷಿಯ ಸ್ತ್ರೀಯರ ಸಾಲನ್ನು ನೋಡಿದ ಮೇಲೆ ಆ ಮಾತನ್ನು ಒಪ್ಪುವುದು ನನಗೆ ಕಷ್ಟ.

ಈಗ ದೂರದ ವಿಷಯಕ್ಕೆ ಬರೋಣ. ಅದರ ಊರು ಇಟಲಿಯ ಫ್ಲಾರೆನ್ಸ್. ಕಾಲ ಹದಿನೈದನೆಯ ಶತಮಾನದ ಮೊದಲ ಮೂವತ್ತೈದು ವರ್ಷ. ಅದಕ್ಕೆ ನೂರು ವರ್ಷ ಮೊದಲೇ, 1305ರ ವೇಳೆಗೆ, ಪಡುವಾದ ಒಂದು ಪ್ರಾರ್ಥನಾಗೃಹದಲ್ಲಿ ಜೊತ್ತೊ ಎಂಬ ಚಿತ್ರಕಾರ ಮನುಷ್ಯರಿಗೆ ಮೈತೂಕ ಕೊಟ್ಟಿದ್ದನು. ಅವನ ಮನೆ ಮಂಟಪಗಳು ಪೆಟ್ಟಿಗೆಯಂತೆ ಆಳವಾಗಿ ಕಾಣುತ್ತವೆ, ಆದರೆ ಅದು ಕಣ್ಣಂದಾಜಿನ ಕೆಲಸ. ಕಣ್ಣಂದಾಜನ್ನು ಲೆಕ್ಕವಾಗಿಸಿದವನು ಫಿಲಿಪ್ಪೊ ಬ್ರುನೆಲೆಸ್ಕಿ. ಫ್ಲಾರೆನ್ಸಿನ ಮಹಾದೇವಾಲಯದ ಗುಮ್ಮಟವನ್ನು ಕಟ್ಟಿದವನೂ ಅವನೇ. ಅವನು ಮಾಡಿದ ಒಂದು ಪ್ರಯೋಗವನ್ನು ಮಾನೆತ್ತಿ ಎಂಬ ಅವನ ಜೀವನಚರಿತ್ರಕಾರನು ವಿವರಿಸಿದ್ದಾನೆ. ಆ ಹಲಗೆಯನ್ನು ತಾನು ಕೈಯಲ್ಲಿ ಹಿಡಿದು ನೋಡಿದ್ದೇನೆಂದೂ ಅವನು ಹೇಳುತ್ತಾನೆ.

ಬ್ರುನೆಲೆಸ್ಕಿಯು ದೇವಾಲಯದ ನಡುಬಾಗಿಲಿನೊಳಗೆ ಐದಾರು ಅಡಿ ಹಿಂದೆ ನಿಂತು, ಎದುರಿಗಿದ್ದ ಎಂಟು ಮೂಲೆಯ ದೀಕ್ಷಾಸ್ನಾನದ ಕಟ್ಟಡವನ್ನು ಸುಮಾರು ಒಂದಡಿ ಚೌಕದ ಹಲಗೆಯ ಮೇಲೆ ಬರೆದನು. ಆಕಾಶವನ್ನು ಬಣ್ಣದಿಂದ ಬರೆಯಲಿಲ್ಲ. ಆ ಜಾಗಕ್ಕೆ ಮೆರುಗು ಕೊಟ್ಟ ಬೆಳ್ಳಿಯನ್ನು ಹಚ್ಚಿದನು. ಆಮೇಲೆ ಹಲಗೆಗೆ ಒಂದು ತೂತು ಕೊರೆದನು. ಚಿತ್ರದ ಮಗ್ಗುಲಲ್ಲಿ ಅದು ಮಸೂರಬೇಳೆಯಷ್ಟು ಚಿಕ್ಕದು, ಹಿಂಬದಿಯಲ್ಲಿ ಒಂದು ನಾಣ್ಯದಷ್ಟು ಅಗಲ. ನೋಡುವವನು ಹಲಗೆಯ ಬೆನ್ನಿಗೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಎದುರಿಗೆ ಕನ್ನಡಿ ಹಿಡಿದು, ತೂತಿನ ಮೂಲಕ ಕನ್ನಡಿಯಲ್ಲಿ ಚಿತ್ರವನ್ನು ನೋಡಬೇಕು. ಬೆಳ್ಳಿಯ ಮೇಲೆ ನಿಜವಾದ ಮೋಡಗಳು ಗಾಳಿಗೆ ಚಲಿಸುತ್ತಿದ್ದವು. ಕನ್ನಡಿಯಲ್ಲಿ ಕಾಣುವುದು ಚಿತ್ರವೋ ಕಟ್ಟಡವೋ ಎಂದು ನೋಡುವವನು ಭ್ರಮೆಗೊಳ್ಳುತ್ತಿದ್ದನು. ಆ ಹಲಗೆ ಈಗ ಉಳಿದಿಲ್ಲ.

ಈ ಪ್ರಯೋಗದಲ್ಲಿ ತೂತೇ ಮುಖ್ಯ. ಅದು ಎರಡು ಕಣ್ಣುಗಳಲ್ಲಿ ಒಂದನ್ನು ಮುಚ್ಚಿಸುತ್ತದೆ, ಉಳಿದ ಒಂದನ್ನು ನಿರ್ದಿಷ್ಟ ಜಾಗದಲ್ಲಿ ಕಟ್ಟಿಹಾಕುತ್ತದೆ. ಚಿತ್ರಕಾರನು ನಿಂತಲ್ಲಿಯೇ ನೋಡುವವನೂ ನಿಲ್ಲಬೇಕು. ಇಲ್ಲವಾದರೆ ಆಟ ಕೆಡುತ್ತದೆ. ಬೆಳಕು ವಸ್ತುವಿನಿಂದ ನೇರಗೆರೆಗಳಲ್ಲಿ ಕಣ್ಣಿಗೆ ಬರುತ್ತದೆಂಬ ಶಾಸ್ತ್ರವು ಅವರಿಗೆ ಹತ್ತಿರದಲ್ಲೇ ಸಿಕ್ಕಿತ್ತು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅರಬ್ಬಿಯಲ್ಲಿ ಬರೆದ ದೃಷ್ಟಿಶಾಸ್ತ್ರದ ಮಹಾಗ್ರಂಥವು ಲ್ಯಾಟಿನ್ನಿಗೂ ಅಲ್ಲಿಂದ ಇಟಾಲಿಯನ್ನಿಗೂ ಬಂದಿತ್ತು; ಬ್ರುನೆಲೆಸ್ಕಿಯ ಸಮಕಾಲೀನನೂ ಪ್ರತಿಸ್ಪರ್ಧಿಯೂ ಆದ ಗಿಬೆರ್ತಿಯ ಬರವಣಿಗೆಯಲ್ಲಿ ಅದರ ಭಾಗಗಳೇ ಇವೆ. ಯುರೋಪಿನದೆಂದು ನಾವು ತಿಳಿಯುವ ವಿದ್ಯೆಯ ಬೇರು ಕೈರೋಕ್ಕೂ ಹೋಗುತ್ತದೆ.

ಲೆಕ್ಕವನ್ನು 1435ರಲ್ಲಿ ಲ್ಯಾಟಿನ್ನಿನಲ್ಲೂ ಮರುವರ್ಷ ಇಟಾಲಿಯನ್ನಿನಲ್ಲೂ ಬರೆದಿಟ್ಟವನು ಲಿಯೊನ್ ಬತ್ತಿಸ್ತ ಆಲ್ಬೆರ್ತಿ. ಇಟಾಲಿಯನ್ ಪುಸ್ತಕವನ್ನು ಅವನು ಬ್ರುನೆಲೆಸ್ಕಿಗೆ ಅರ್ಪಿಸಿದನು. ಚಿತ್ರವನ್ನು ತೆರೆದ ಕಿಟಕಿಯೆಂದು ಭಾವಿಸಿಕೊಳ್ಳುವುದು ಅವನ ಕ್ರಮ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳು ನೆನಪಿರುವವರು ನನ್ನ ಜೊತೆ ಒಂದು ನಿಮಿಷ ಕೂಡಿಸಿ ಭಾಗಿಸಿ. ನಿಮ್ಮ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆ, 10 ಅಡಿ ಮುಂದೆ ನೆಲದವರೆಗೂ ಇಳಿದ ಒಂದು ಗಾಜಿನ ಕಿಟಕಿಯಿದೆ ಎಂದುಕೊಳ್ಳಿ. ಗಾಜಿನಾಚೆ ನೆಲದ ಮೇಲೆ 10 ಅಡಿಗೊಂದರಂತೆ ಅಡ್ಡಗೆರೆಗಳಿವೆ. ಮೊದಲನೆಯ ಗೆರೆ ಗಾಜಿನ ಮೇಲೆ 2 ಅಡಿ 6 ಅಂಗುಲ ಎತ್ತರದಲ್ಲಿ ಕಾಣುತ್ತದೆ. ಎರಡನೆಯದು 3 ಅಡಿ 4 ಅಂಗುಲ, ಮೂರನೆಯದು 3 ಅಡಿ 9 ಅಂಗುಲ. ಒಂಬತ್ತನೆಯದು, ಅಂದರೆ 90 ಅಡಿ ಆಚೆಯದು, 4 ಅಡಿ 6 ಅಂಗುಲ. ಮೈಲಿ ದೂರದ ಗೆರೆಯೂ 5 ಅಡಿಯನ್ನು ದಾಟಲಾರದು. ನಿಮ್ಮ ಕಣ್ಣಿನ ಎತ್ತರವೇ ಚಿತ್ರದ ದಿಗಂತ. ಅದಕ್ಕೆ ಮೊದಲು ಕೆಲವು ಚಿತ್ರಕಾರರು ಪ್ರತಿಯೊಂದು ಅಂತರವನ್ನೂ ಹಿಂದಿನದರ ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತ ಹೋಗುತ್ತಿದ್ದರು. ಅದು ತಪ್ಪೆಂದು ಆಲ್ಬೆರ್ತಿ ಹೆಸರಿಲ್ಲದೆ ಗದರಿದ್ದಾನೆ. ಮೇಲಿನ ಅಂಕಿಗಳನ್ನೇ ನೋಡಿ: ಮೊದಲ ಅಂತರ 30 ಅಂಗುಲ, ಎರಡನೆಯದು 10, ಮೂರನೆಯದು 5. ಯಾವ ಒಂದೇ ಭಿನ್ನರಾಶಿಗೂ ಅದು ಸಿಗುವುದಿಲ್ಲ.

ಈ ಲೆಕ್ಕ ಪುಸ್ತಕಕ್ಕೆ ಬರುವ ಮೊದಲೇ ಗೋಡೆಗೆ ಬಂದಿತ್ತು. ಮಸಾಚ್ಚೊ ಎಂಬ ಹುಡುಗ (ಹುಡುಗನೆಂದೇ ಹೇಳಬೇಕು, 1401ರಲ್ಲಿ ಹುಟ್ಟಿದವನು 1428ರಲ್ಲಿ ತೀರಿಕೊಂಡನು) ಸಾಯುವುದಕ್ಕೆ ಒಂದೆರಡು ವರ್ಷ ಮೊದಲು ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ದೇವಾಲಯದ ಗೋಡೆಯ ಮೇಲೆ 'ತ್ರಿತ್ವ'ವನ್ನು ಬರೆದನು. ಎತ್ತರ ಸುಮಾರು 22 ಅಡಿ, ಅಗಲ 10 ಅಡಿಗೂ ತುಸು ಹೆಚ್ಚು. ಅಂಕಣ ಅಂಕಣವಾಗಿ ಕೊರೆದ ಕಮಾನುಚಾವಣಿಯ ಕೆಳಗೆ ಶಿಲುಬೆಯ ಮೇಲಿನ ಕ್ರಿಸ್ತ, ಹಿಂದೆ ಶಿಲುಬೆಯನ್ನು ಹಿಡಿದು ನಿಂತ ತಂದೆ, ಕೆಳಗೆ ಮೇರಿ ಮತ್ತು ಯೋಹಾನ, ಕಂಬಗಳ ಹೊರಗೆ ಮೊಣಕಾಲೂರಿದ ದಾನಿಗಳಿಬ್ಬರು, ಎಲ್ಲಕ್ಕೂ ಕೆಳಗೆ ಸಮಾಧಿಯ ಮೇಲೊಂದು ಅಸ್ಥಿಪಂಜರ. ಚಾವಣಿಯ ಗೆರೆಗಳೆಲ್ಲ ಓಡಿಬಂದು ಕೂಡುವ ಬಿಂದು ಶಿಲುಬೆಯ ಬುಡದ ಹತ್ತಿರ, ನಿಂತು ನೋಡುವವನ ಕಣ್ಣಿನ ಮಟ್ಟದಲ್ಲಿದೆ. ಹಸಿಗಾರೆಯಲ್ಲಿ ಗೀರಿದ ಗೆರೆಗಳ ಗುರುತು ಈಗಲೂ ಕಾಣುತ್ತದೆ. ಸರಿಯಾದ ಜಾಗದಲ್ಲಿ ನಿಂತರೆ ಗೋಡೆಯನ್ನು ತೂತುಮಾಡಿ ಒಳಗೊಂದು ಕೋಣೆ ಕಟ್ಟಿದಂತೆ ಕಾಣುತ್ತದೆಂದು, ಚಿತ್ರಕಾರರ ಚರಿತ್ರೆ ಬರೆದ ವಸಾರಿ ಮೆಚ್ಚಿ ಬರೆದನು. ವಿಚಿತ್ರವೆಂದರೆ ಅದೇ ವಸಾರಿ 1570ರ ಸುಮಾರಿಗೆ ಆ ದೇವಾಲಯವನ್ನು ನವೀಕರಿಸುವಾಗ ಈ ಚಿತ್ರದ ಮುಂದೆಯೇ ಹೊಸ ಬಲಿಪೀಠವನ್ನು ಕಟ್ಟಿ ತನ್ನ ಚಿತ್ರವನ್ನು ಅಲ್ಲಿ ಇಟ್ಟನು. ಹತ್ತಿರ ಹತ್ತಿರ ಮುನ್ನೂರು ವರ್ಷ 'ತ್ರಿತ್ವ' ಕಣ್ಣಿಗೆ ಮರೆಯಾಗಿತ್ತು. 1860ರ ಸುಮಾರಿಗೆ ಮೇಲಿನ ಭಾಗ ಸಿಕ್ಕಿತು. ಅಸ್ಥಿಪಂಜರವು 1950ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದ ಮೇಲೆ ಎರಡನ್ನೂ ಮತ್ತೆ ಒಂದುಗೂಡಿಸಿದರು.

ಆ ಊರಿನ ಇನ್ನೊಂದು ದೇವಾಲಯದ ಬ್ರಾಂಕಾಚ್ಚಿ ಮಂದಿರದಲ್ಲಿ ಮಸಾಚ್ಚೊ ಬರೆದ ಚಿತ್ರಗಳಲ್ಲಿ ಬೆಳಕು ಬರುವುದು ಆ ಮಂದಿರದ ನಿಜವಾದ ಕಿಟಕಿ ಇರುವ ದಿಕ್ಕಿನಿಂದ. ಮನುಷ್ಯರ ನೆರಳು ನೆಲದ ಮೇಲೆ ಎದುರು ಬದಿಗೆ ಬೀಳುತ್ತದೆ. ಇಲ್ಲಿ ಉಬ್ಬು ಕೂಡ ದೂರದ ಶಿಸ್ತಿಗೆ ಒಳಪಟ್ಟಿತು: ಒಂದು ಕಣ್ಣು, ಒಂದು ಕಿಟಕಿ, ಒಂದು ಹೊತ್ತು. ಅಜಂತಾದ ಬೆಳಕಿಗೂ ಇದಕ್ಕೂ ಇರುವ ಅಂತರ ಇದೇ.

'ತ್ರಿತ್ವ'ದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಾವಣಿಯನ್ನು ಕೆಳಗಿನಿಂದ ತಲೆಯೆತ್ತಿ ನೋಡಿದಂತೆ ಬರೆದ ಮಸಾಚ್ಚೊ, ತಂದೆಯಾದ ದೇವರನ್ನು ಮಾತ್ರ ಹಾಗೆ ಬರೆಯಲಿಲ್ಲ. ನೇರ ಎದುರಿನಿಂದ ಕಂಡಂತೆ ಬರೆದನು. ಕಟ್ಟಡಕ್ಕೆ ಅನ್ವಯಿಸುವ ಲೆಕ್ಕವನ್ನು ದೇವರಿಗೆ ಅನ್ವಯಿಸಲು ಅವನಿಗೆ ಮನಸ್ಸು ಬಂದಂತಿಲ್ಲ. ಬೋಧಿಸತ್ತ್ವನನ್ನು ದೊಡ್ಡದಾಗಿ ಬರೆದ ಅಜಂತಾದ ಅನಾಮಿಕನಿಗೆ ಇದು ಅರ್ಥವಾಗುತ್ತಿತ್ತು.

ಪಂಕ್ತಿಯ ಬಂಧುಗಳಿಗೆ ಈಗ ಹೇಳಬಹುದು. ಸೋಮೇಶ್ವರನೂ ಕನ್ನಡಿಯ ಮಾತನ್ನು ಎತ್ತುತ್ತಾನೆ. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳ ಚಿತ್ರಕ್ಕೆ 'ವಿದ್ಧಚಿತ್ರ' ಎಂದು ಹೆಸರು ಕೊಟ್ಟಿದ್ದಾನೆ. ಅದನ್ನು ಹಿಡಿದುಕೊಂಡು ಬ್ರುನೆಲೆಸ್ಕಿಗೆ ಮುನ್ನೂರು ವರ್ಷ ಮೊದಲೇ ಕಲ್ಯಾಣದಲ್ಲಿ ಆ ವಿದ್ಯೆಯಿತ್ತು ಎಂದು ಹೊರಡುವವರಿಗೆ ನಾನು ಜೊತೆ ಬರಲಾರೆ. ಸೋಮೇಶ್ವರನ ಕನ್ನಡಿಯಲ್ಲಿ ಕಾಣುವುದು ಒಬ್ಬ ವ್ಯಕ್ತಿಯ ಹೋಲಿಕೆ. ಬ್ರುನೆಲೆಸ್ಕಿಯ ಕನ್ನಡಿಯಲ್ಲಿ ಕಾಣುವುದು ಒಂದು ಬಿಂದುವಿನಿಂದ ಅಳೆದ ಚೌಕ. ದೂರಕ್ಕೆ ತಕ್ಕಂತೆ ಎಷ್ಟು ಕುಗ್ಗಬೇಕೆಂಬ ಲೆಕ್ಕ ನಮ್ಮ ಚಿತ್ರಶಾಸ್ತ್ರಗಳು ಕೇಳಿದ ಪ್ರಶ್ನೆಯೇ ಅಲ್ಲ. ಕೇಳದ ಪ್ರಶ್ನೆಗೆ ಉತ್ತರ ಇತ್ತೆಂದು ಹೇಳಿ ಸೋಮೇಶ್ವರನಿಗೆ ನಾವು ಯಾವ ಉಪಕಾರವನ್ನೂ ಮಾಡಿದಂತಾಗುವುದಿಲ್ಲ.

ಸಹಾಯಕ ಪುಸ್ತಕಕ್ಕೆ ಉತ್ತರ ಕೊಡಬೇಕಾದರೆ ಫತೇಪುರ ಸಿಕ್ರಿಗೆ ಹೋಗಬೇಕು. ಅಕ್ಬರನ ಆಹ್ವಾನದ ಮೇರೆಗೆ ಗೋವೆಯಿಂದ ಹೊರಟ ಮೂವರು ಜೆಸುಯಿಟ್ ಪಾದ್ರಿಗಳು 1580ರಲ್ಲಿ ಅಲ್ಲಿಗೆ ತಲುಪಿದರು. ಅವರು ಕಾಣಿಕೆಯಾಗಿ ಕೊಟ್ಟದ್ದು ಆಂಟ್‌ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲಿನ ಸಂಪುಟಗಳು. ಅದರ ಮುಖಪುಟಗಳಲ್ಲಿ ತಾಮ್ರದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳಿದ್ದವು. ಅಕ್ಬರನ ಚಿತ್ರಶಾಲೆಯಲ್ಲಿ ಪರ್ಷಿಯಾದ ಉಸ್ತಾದರೂ ಇದ್ದರು, ಬಸಾವನ್, ದಸವಂತ್, ಕೇಸು ದಾಸ್ ಮೊದಲಾದ ಹಿಂದೂ ಚಿತ್ರಕಾರರೂ ಇದ್ದರು. ಕೇಸು ದಾಸ್ ಯುರೋಪಿನ ಅಚ್ಚುಚಿತ್ರಗಳನ್ನು ಎದುರಿಗಿಟ್ಟುಕೊಂಡು ಬರೆದನು. ಹಿನ್ನೆಲೆಯನ್ನು ರಚಿಸುವುದರಲ್ಲಿ ಬಸಾವನನ ಕೈ ಮಿಗಿಲೆಂದು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಹೊಗಳಿದ್ದಾನೆ.

ಈ ಚಿತ್ರಕಾರರು ಹೊಸದರಲ್ಲಿ ಯಾವುದನ್ನು ತೆಗೆದುಕೊಂಡರು, ಯಾವುದನ್ನು ಬಿಟ್ಟರು ಎಂಬುದೇ ನೋಡಬೇಕಾದ ಸಂಗತಿ. ಬಟ್ಟೆಯ ಮಡಿಕೆಗೆ, ಆನೆಯ ಮೈಗೆ, ಮರದ ಬೊಡ್ಡೆಗೆ ನೆರಳು ತುಂಬಿದರು. ಮೇಲಿನ ಮೂಲೆಯಲ್ಲಿ ಮಸುಕಾದ ನೀಲಿ ಗುಡ್ಡಗಳನ್ನೂ ಚುಕ್ಕೆಯಂಥ ಊರುಗಳನ್ನೂ ಇಟ್ಟರು. ಆದರೆ ಮುಖ್ಯ ದೃಶ್ಯವನ್ನು ಒಂದೇ ಬಿಂದುವಿಗೆ ಕಟ್ಟಿಹಾಕಲಿಲ್ಲ. ಕೋಟೆಯ ಮುತ್ತಿಗೆಯನ್ನು ಬರೆಯುವಾಗ ಗೋಡೆಯ ಹೊರಗಿನ ಫಿರಂಗಿಯೂ ಕಾಣಬೇಕು, ಒಳಗಿನ ಅಂಗಳವೂ ಕಾಣಬೇಕು, ಹಿಂದೆ ನಿಂತ ಸೈನಿಕನ ಮುಖ ಮುಂದೆ ನಿಂತವನ ಮುಖದಷ್ಟೇ ಸ್ಪಷ್ಟವಾಗಿರಬೇಕು. ಅಕ್ಬರನಾಮದ ಪುಟವು ಕೈಯಲ್ಲಿ ಹಿಡಿದು ಮೂಲೆಯಿಂದ ಮೂಲೆಗೆ ಓದುವ ಪುಟ. ಫ್ಲಾರೆನ್ಸಿನ ಕ್ರಮದಲ್ಲಿ ಅದನ್ನು ಬರೆದಿದ್ದರೆ ಮುಂದಿನ ಕುದುರೆಯ ಬೆನ್ನೊಂದೇ ಪುಟವನ್ನೆಲ್ಲ ತುಂಬುತ್ತಿತ್ತು.

ಅವರಿಗೆ ಬರುತ್ತಿರಲಿಲ್ಲವೇ? ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಇದಕ್ಕೆ ಸಾಕ್ಷಿ. 1616ರಲ್ಲಿ ಅಜ್ಮೀರಿನಲ್ಲಿ ಅವನು ಜಹಾಂಗೀರನಿಗೆ ಒಂದು ಇಂಗ್ಲಿಷ್ ಕಿರುಚಿತ್ರವನ್ನು ತೋರಿಸಿದಾಗ, ತನ್ನ ಚಿತ್ರಕಾರನು ಇದರ ಪ್ರತಿಯನ್ನು ಮಾಡಬಲ್ಲನೆಂದು ಬಾದಶಹನು ಪಂಥ ಕಟ್ಟಿದನು. ಕೆಲವು ದಿನಗಳ ಮೇಲೆ, ಒಂದು ರಾತ್ರಿ, ರೋನನ್ನು ಕರೆಸಿ ಆರು ಚಿತ್ರಗಳನ್ನು ಮುಂದಿಟ್ಟರು. ಐದು ಇಲ್ಲಿಯವು, ಒಂದು ಅವನದು. ಮೇಣದಬತ್ತಿಯ ಬೆಳಕಿನಲ್ಲಿ ತನ್ನದು ಯಾವುದೆಂದು ಗುರುತಿಸಲು ತಾನು ಕಷ್ಟಪಟ್ಟೆನೆಂದು ರೋ ತನ್ನ ದಿನಚರಿಯಲ್ಲಿ ಒಪ್ಪಿಕೊಂಡಿದ್ದಾನೆ. ಕೊನೆಗೆ ಗುರುತಿಸಿದನು, ಆ ಮಾತು ಬೇರೆ. ಜಹಾಂಗೀರನಿಗಂತೂ ಬಹಳ ಖುಷಿಯಾಯಿತು.

ಇದನ್ನು ಓದಿದ ಮೇಲೆ 'ತಿಳಿದಿರಲಿಲ್ಲ' ಎಂಬ ಆ ಪುಸ್ತಕದ ಮಾತು ನಿಲ್ಲುವುದಿಲ್ಲ. 1580ಕ್ಕೆ ಮೊದಲು ಫ್ಲಾರೆನ್ಸಿನ ಲೆಕ್ಕ ಇಲ್ಲಿರಲಿಲ್ಲ, ನಿಜ. ಅದರ ಫಲ ಕಣ್ಣಿಗೆ ಬಿದ್ದ ಮೇಲೆಯೂ ಎರಡು ತಲೆಮಾರಿನ ಸಮರ್ಥರು ತಮಗೆ ಬೇಕಾದಷ್ಟನ್ನು ಮಾತ್ರ ಅದರಿಂದ ಆರಿಸಿಕೊಂಡರೆಂಬುದೂ ಅಷ್ಟೇ ನಿಜ.

ಎರಡೂ ವಿದ್ಯೆಗಳು ಸಾಮಾನ್ಯರ ಮನೆಗೆ ಒಟ್ಟಿಗೆ ಬಂದದ್ದು ಬಹಳ ತಡವಾಗಿ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ಅವನ ಲಕ್ಷ್ಮಿ ಸರಸ್ವತಿಯರು ಕಾಗದದ ಮೇಲೆ ಊರೂರಿಗೆ ಹೋದರು. ಲಕ್ಷ್ಮಿಯ ತೋಳು ಗುಂಡಗೆ, ಕೊಳದ ನೀರು ಹಿಂದಕ್ಕೆ ಹಿಂದಕ್ಕೆ ಹೋಗಿ ಮಂಜಿನಲ್ಲಿ ಕರಗುತ್ತದೆ. ನಮ್ಮ ಹಿರಿಯರ ಮನೆಗಳ ನಡುಮನೆಯಲ್ಲಿ ಆ ಪಟದ ಪಕ್ಕದಲ್ಲೇ, ಅದೇ ಮೊಳೆಸಾಲಿನಲ್ಲಿ, ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕವೂ ತೂಗುತ್ತಿತ್ತು. ಅದರಲ್ಲಿ ರಾಮನು ಎಲ್ಲರಿಗಿಂತ ದೊಡ್ಡವನು, ಸಿಂಹಾಸನದ ಹಿಂದೆ ದಿಗಂತವಿಲ್ಲ. ಕಿರೀಟವೂ ಕಂಠೀಹಾರವೂ ಮಾತ್ರ ನಿಜವಾಗಿಯೇ ಎದ್ದು ನಿಂತಿರುತ್ತಿದ್ದವು. ಬಿಳಿಪುಡಿಯನ್ನು ಅಂಟಿನಲ್ಲಿ ಕಲಸಿ, ಆ ಲೇಪವನ್ನು ಕುಂಚದಿಂದ ಪದರು ಪದರಾಗಿ ಏರಿಸಿ, ಮೇಲೆ ಚಿನ್ನದ ರೇಕನ್ನು ಕೂರಿಸಿದ ಉಬ್ಬು ಅದು, ಬೆರಳಿಗೆ ಸಿಗುತ್ತಿತ್ತು. ಮಕ್ಕಳು ಕುರ್ಚಿ ಹತ್ತಿ ಅದನ್ನು ಮುಟ್ಟದಂತೆ ಅಜ್ಜಿಯರು ಕಾವಲಿರಬೇಕಾಗುತ್ತಿತ್ತು. ರವಿವರ್ಮನ ಪಟವನ್ನು ಮುಟ್ಟಲು ಯಾವ ಮಗುವೂ ಕುರ್ಚಿ ಹತ್ತಿದ್ದನ್ನು ನಾನು ಕಂಡಿಲ್ಲ.